ಕೆಗಾವಾ-ಸಾನ್ ಕೋಟು

ಸತ್ತ ಪ್ರಾಣಿ ಹೊದ್ದುಕೊಂಡು ಸಂಕ್ರಾಂತಿಗೆ ಬಂದವಳು ಎಂದು ಟೋಕಿಯೋ ಪಕ್ಕದ ಗ್ಯೋಟೋಕುವಿನ ಕನ್ನಡದ ಹೆಂಗಸರ ನಡುವೆ ನನಗೊಂದು ಬಿರುದಿದೆ. ಯಾರೂ ಎದುರಿಗೆ ಹೇಳುವುದಿಲ್ಲ. ಹೇಳಿದ್ದರೆ ನಾನೂ ಎದುರಿಗೇ ಉತ್ತರ ಕೊಡುತ್ತಿದ್ದೆ. ಹೌದು, ಹೊದ್ದುಕೊಂಡು ಹೋಗಿದ್ದೆ. ಮಿಂಕ್ ತುಪ್ಪಳದ ಕೋಟು, ವಯಸ್ಸಿನಲ್ಲಿ ನನಗಿಂತ ಹಿರಿಯದು, ಮೈಸೂರು ರೇಷ್ಮೆ ಸೀರೆಯ ಮೇಲೆ. ಮುಂದಿನ ಸಂಕ್ರಾಂತಿಗೂ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ, ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ಇದು ಶುರುವಾದದ್ದು ಕಂಪನಿ ನಮ್ಮನ್ನು ಬೆಂಗಳೂರಿನಿಂದ ಇಲ್ಲಿಗೆ ಕಳಿಸಿದ ಮೊದಲ ಚಳಿಗಾಲದಲ್ಲಿ. ಗಂಡನೂ ನಾನೂ ಬೆಳಗಾದರೆ ಟೋಝಾಯ್ ಲೈನಿನ ರೈಲಿನಲ್ಲಿ ಜನರ ಮಧ್ಯೆ ಅಪ್ಪಚ್ಚಿಯಾಗಿ ಟೋಕಿಯೋಗೆ ಹೋಗುವವರು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಒಬ್ಬಳೇ ಇದ್ದಳು. ಕಸ ಹಾಕುವುದಕ್ಕೆ ಬರುವಾಗಲೂ ತುಟಿಗೆ ಕೆಂಪು, ಮೈತುಂಬ ಕಂದು ಬಣ್ಣದ ತುಪ್ಪಳದ ಕೋಟು, ಕೈಯಲ್ಲಿ ಖಾಲಿ ಬಾಟಲಿಗಳ ಚೀಲ. ಮದುವೆಮನೆಗೆ ಹೊರಟವರ ಠೀವಿ. ಅಕ್ಕಪಕ್ಕದ ಹೆಂಗಸರು ಅವಳು ಅತ್ತ ಹೋದ ಮೇಲೆ 'ಕೆಗಾವಾ ನೋ ಓಬಾಸಾನ್' ಎಂದು ಪಿಸುಗುಡುತ್ತಿದ್ದರು. ಓಬಾಸಾನ್ ಅಂದರೆ ಅಜ್ಜಿ ಎಂಬಷ್ಟು ಜಪಾನಿ ನನಗೆ ಬರುತ್ತಿತ್ತು. ಕೆಗಾವಾ ಅಂದರೆ ಮನೆತನದ ಹೆಸರು ಎಂದುಕೊಂಡೆ. ನಮ್ಮ ಆಫೀಸಿನಲ್ಲಿ 'ಗಾವಾ' ಎಂದು ಮುಗಿಯುವ ಹೆಸರಿನವರು ಬೇಕಾದಷ್ಟು ಜನ. ಊರಿನ ಪಕ್ಕದಲ್ಲಿ ಹರಿಯುವ ಹೊಳೆಯೂ ಎದೊಗಾವಾ. ಇನ್ನೇನು ಅನುಮಾನ? ಮಾರನೆಯ ದಿನವೇ ಸೊಂಟ ಬಗ್ಗಿಸಿ, ಹೆಸರಿಗೆ ಗೌರವದ 'ಸಾನ್' ಸೇರಿಸಿ, "ಕೆಗಾವಾ-ಸಾನ್, ಓಹಾಯೋ ಗೊಝಾಯಿಮಾಸ್" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ "ಹೈ" ಎಂದಳು, ಹೌದು ಎಂದು.

ಅಲ್ಲಿಂದ ಮುಂದೆ ಅವಳು ನನಗೆ ಕೆಗಾವಾ-ಸಾನ್. ಒಬ್ಬಟ್ಟು ಮಾಡಿದರೆ ಕೆಗಾವಾ-ಸಾನ್‌ಗೆ, ಚಕ್ಕುಲಿ ಮಾಡಿದರೆ ಕೆಗಾವಾ-ಸಾನ್‌ಗೆ. ಇಲ್ಲಿನ ಶಾಲೆಯಲ್ಲಿ ಓದುವ ಮಗಳು ಒಂದು ದಿನ ನನ್ನ ಜೊತೆ ಮೆಟ್ಟಿಲಿಳಿಯುತ್ತ ಇದನ್ನು ಕೇಳಿಸಿಕೊಂಡಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮನೆಯೊಳಗೆ ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ, ಕೆಗಾವಾ ಈಸ್ ನಾಟ್ ಎ ನೇಮ್. ಇಟ್ ಮೀನ್ಸ್ ಫರ್!" ಅಂದರೆ ವರ್ಷಕ್ಕೂ ಮಿಕ್ಕಿ ನಾನು ಒಬ್ಬ ಹಿರಿಯ ಹೆಂಗಸನ್ನು 'ತುಪ್ಪಳದಮ್ಮ, ಬೆಳಗಿನ ನಮಸ್ಕಾರ' ಎಂದು ಕೂಗುತ್ತಿದ್ದೆ. ಭೂಮಿ ಬಾಯಿಬಿಟ್ಟಿದ್ದರೆ ಒಳಗಿಳಿದುಬಿಡುತ್ತಿದ್ದೆ.

ರವೆ ಉಂಡೆ ಡಬ್ಬಿ ಹಿಡಿದುಕೊಂಡು ಕೆಳಗೆ ಹೋಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಬಾಗಿ ಬಾಗಿ ಕ್ಷಮೆ ಕೇಳಿದೆ, ನಿಜವಾದ ಹೆಸರು ಯಾವುದು ಎಂದು ವಿಚಾರಿಸಿದೆ. ಅವಳು ಹೇಳಲೇ ಇಲ್ಲ.

"ತಿದ್ದಬೇಡಿ. ನನ್ನನ್ನು ನನ್ನ ಕೆಲಸದ ಹೆಸರಿನಿಂದ ಕರೆದವರು ನೀವೊಬ್ಬರೇ" ಎಂದಳು.

ಅವತ್ತು ಚಹಾ ಕುಡಿಯುತ್ತ ಅವಳು ಹೇಳಿದ್ದನ್ನು ನನ್ನ ಅರೆಬರೆ ಜಪಾನಿಯಲ್ಲಿ ಅರ್ಥವಾದಷ್ಟು ಬರೆಯುತ್ತೇನೆ. ಹುಡುಗಿಯಾಗಿದ್ದಾಗಲೇ ಟೋಕಿಯೋದ ಗಿಂಜಾ ಪೇಟೆಯ ಒಂದು ತುಪ್ಪಳದ ಕೋಟಿನ ಅಂಗಡಿಗೆ ಕೆಲಸಕ್ಕೆ ಸೇರಿದಳಂತೆ. ಯುದ್ಧ ಮುಗಿದ ಮೇಲೆ ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನಾಧಿಕಾರಿಗಳ ಹೆಂಡಂದಿರು ರಿಪೇರಿಗೆ ಬಿಟ್ಟುಹೋದ ಕೋಟುಗಳ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಅದರಲ್ಲೇ ಕಲಿತಳು. ಪ್ಯಾರಿಸ್ಸು, ನ್ಯೂಯಾರ್ಕಿನ ದೊಡ್ಡ ವಿನ್ಯಾಸಕಾರರು ಆ ಕಾಲದಲ್ಲಿ ರಾಜರಂತೆ ಮೆರೆಯುತ್ತಿದ್ದರು. ಬೆನ್ನ ಹಿಂದೆ ಗಂಟೆಯಂತೆ ಅಗಲವಾಗಿ ಬೀಸುವ ಕೋಟು, ಮಣಿಕಟ್ಟು ಕಾಣುವ ಗಿಡ್ಡ ತೋಳು, ಊಟದ ತಟ್ಟೆಯಷ್ಟಗಲದ ಕಾಲರ್, ಎಲ್ಲವೂ ಪತ್ರಿಕೆಗಳಲ್ಲಿ ಬರುತ್ತಿದ್ದವು. ಅಂಗಡಿಯವರು ಅದನ್ನೇ ನಕಲು ಮಾಡುತ್ತಿದ್ದರು. ಆದರೆ ಕೊಳ್ಳಲು ಬರುವ ಜಪಾನಿ ಹೆಂಗಸರು ಉಡುತ್ತಿದ್ದದ್ದು ಕಿಮೋನೋ. ಚೀಲದ ಹಾಗೆ ಇಳಿಬೀಳುವ ಅದರ ತೋಳನ್ನು ಪ್ಯಾರಿಸ್ಸಿನ ಕೋಟಿನೊಳಗೆ ತುರುಕಿದರೆ ಮುದ್ದೆಯಾಗಿಬಿಡುತ್ತದೆ. ಇವಳು ಕಂಕುಳನ್ನು ಸೊಂಟದವರೆಗೂ ಇಳಿಸಿ ಕತ್ತರಿಸಿದಳು. ಕಿಮೋನೋದವರು ಕತ್ತಿನ ಹಿಂಭಾಗವನ್ನು ತೆರೆದು ತೋರಿಸುತ್ತಾರಲ್ಲ, ಅದು ಮುಚ್ಚದಂತೆ ಕಾಲರನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದಳು. ಅಂಗಡಿಯ ಮುಂದೆ ಕಾರುಗಳ ಸಾಲು. ಹೆಸರು ಬಂದದ್ದು ಯಜಮಾನನಿಗೆ.

"ಕತ್ತಿನ ಹತ್ತಿರ ಅಂಗಡಿಯವನ ಹೆಸರಿನ ಪಟ್ಟಿ. ಎದೆಯ ಹತ್ತಿರ, ಲೈನಿಂಗಿನ ಮೇಲೆ, ಕೊಂಡವಳ ಗಂಡನ ಮನೆತನದ ಹೆಸರು, ಬಂಗಾರದ ದಾರದಲ್ಲಿ. ಕತ್ತರಿ ಹಿಡಿದವಳು ಎಲ್ಲಿದ್ದಾಳೆ?" ಎಂದಳು.

ಕೋಟಿನ ಒಳಗೆ ಹೀಗೆ ಮನೆತನದ ಹೆಸರು ಕಸೂತಿ ಹಾಕಿಸುವುದು ಇಲ್ಲಿಯ ಪದ್ಧತಿ. ಅವಳು ತನಗೆಂದು ಒಂದೇ ಕೋಟು ಹೊಲಿದುಕೊಂಡಿದ್ದಳು, ಕಸ ಹಾಕಲು ಬರುವಾಗ ಹಾಕುತ್ತಿದ್ದ ಅದೇ ಕೋಟು. ಗಂಡ ತನ್ನ ಹೆಸರು ಹಾಕಿಸು ಎಂದನಂತೆ. ಇವಳು ಒಪ್ಪಲಿಲ್ಲ. ಇವಳ ಹೆಸರು ಹಾಕಲು ಕಸೂತಿಯವನು ಒಪ್ಪಲಿಲ್ಲ. ಹೀಗೆ ಆ ಜಾಗ ಖಾಲಿಯೇ ಉಳಿಯಿತು. ಮುದುಕಿ ಸಾಮಾನ್ಯದವಳಲ್ಲ. ನನ್ನ ದಪ್ಪ ಜಾಕೆಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ಇದು ಹಾಸಿಗೆ, ಮಲಗುವಾಗ ಉಪಯೋಗಿಸಿ ಎಂದವಳು.

ಹೋದ ಚಳಿಗಾಲದ ಆರಂಭದಲ್ಲಿ ಅವಳ ಮಗ ನಗೋಯಾದಿಂದ ಬಂದು, ಅಮ್ಮ ಇನ್ನು ಒಬ್ಬಳೇ ಇರುವುದು ಬೇಡ ಎಂದು ತೀರ್ಮಾನ ಮಾಡಿದ. ಅವನ ಮನೆ ಚಿಕ್ಕದು. ಕೋಟು ಯಾರಿಗೂ ಬೇಡ. ಹಳೆ ಬಟ್ಟೆಯ ಅಂಗಡಿಯವರು ಈ ಕಾಲದಲ್ಲಿ ತುಪ್ಪಳ ಯಾರು ಹಾಕುತ್ತಾರೆ ಎಂದು ಮುಟ್ಟಿಯೂ ನೋಡಲಿಲ್ಲ. ಮಗ ಅದನ್ನು ಮುರಿದ ಕಪಾಟು, ಹಳೆ ಫ್ಯಾನಿನ ಜೊತೆ ದೊಡ್ಡ ಕಸದ ಗಾಡಿಗೆ ಹಾಕುವ ವ್ಯವಸ್ಥೆ ಮಾಡಿದ್ದ. ಅವಳು ಕೈಯಾರೆ ಕತ್ತರಿಸಿದವುಗಳಲ್ಲಿ ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ.

ಸಂಕ್ರಾಂತಿಗೆ ಉಡುವ ಸೀರೆಯನ್ನು ನೋಡಲಿ ಎಂದು ಉಟ್ಟುಕೊಂಡೇ ಕೆಳಗೆ ಹೋಗಿದ್ದೆ. ಅವಳು ಕೋಟನ್ನು ತಂದು ನನ್ನ ಹೆಗಲಿಗೆ ಏರಿಸಿದಳು. ಸೆರಗು ಮುದುಡಲಿಲ್ಲ. ತುರುಬಿಗೆ ಕಾಲರ್ ತಾಗಲಿಲ್ಲ. ಕಿಮೋನೋಗೆಂದು ಕತ್ತರಿಸಿದ್ದು ಸೀರೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅವಳು ನನ್ನನ್ನು ಸುತ್ತಿ ನೋಡಿ, ಇದು ನಿಮಗೆ, ಆದರೆ ಒಂದು ಷರತ್ತು ಎಂದಳು. ನಾಲ್ಕು ಜನರ ಎದುರು ಹಾಕಿಕೊಂಡು ಹೋಗಬೇಕು. ಬೀರುವಿನಲ್ಲಿ ನೇತುಹಾಕುವುದಾದರೆ ಕಸದ ಗಾಡಿಯೇ ಆಗಬಹುದು. ಖಾಲಿ ಜಾಗದಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ. ನಾನು ಆಯಿತು ಎಂದು ಮಾತು ಕೊಟ್ಟೆ.

ಮೊದಲ ಜಗಳ ಮನೆಯಲ್ಲೇ. ಮಗಳು ಆ ಕೋಟಿಗಾಗಿ ಎಷ್ಟು ಜೀವ ಹೋಗಿರಬಹುದು ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಹೊಸದನ್ನು ನಾನು ಈ ಜನ್ಮದಲ್ಲಿ ಕೊಳ್ಳುವುದಿಲ್ಲ, ಆದರೆ ಆ ಪ್ರಾಣಿಗಳನ್ನು ಕೊಂದು ಎಷ್ಟೋ ವರ್ಷವಾಯಿತು, ಈಗ ಕಸಕ್ಕೆಸೆದರೆ ಅವು ಎದ್ದು ಓಡುವುದಿಲ್ಲ, ಒಬ್ಬ ಹೆಂಗಸಿನ ಬದುಕಿನ ಕೆಲಸ ಮಾತ್ರ ಹೋಗುತ್ತದೆ ಎಂದೆ. ಅದು ಬರೀ ಎಕ್ಸ್‌ಕ್ಯೂಸ್ ಎಂದಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ, ಅದು ನನ್ನನ್ನು ಚುಚ್ಚುತ್ತದೆ. ಚುಚ್ಚಿಸಿಕೊಂಡೇ ಹಾಕಿಕೊಳ್ಳುತ್ತೇನೆ.

ಎರಡನೆಯದು ಅಕ್ಕನ ಜೊತೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಇಲ್ಲಿನ ಕನ್ನಡದವರ ಹಬ್ಬಹುಣ್ಣಿಮೆಗಳ ಯಜಮಾನಿಕೆ ವಹಿಸಿರುವ ಮೈಸೂರಿನ ಹಿರಿಯ ಹೆಂಗಸು, ಎಲ್ಲರಿಗೂ ಅಕ್ಕ. ಆ ವರ್ಷ ಸಂಕ್ರಾಂತಿಯ ಆರತಿ ನನ್ನದು ಎಂದು ಆಕೆಯೇ ಹೇಳಿದ್ದರು. ನಾನು ಕೋಟು ಹಾಕಿದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ನೋಡಮ್ಮ, ಹೊರಗಡೆ ನಿನ್ನಿಷ್ಟ ಏನ್ ಬೇಕಾದ್ರೂ ಹಾಕ್ಕೋ. ದೇವರ ಮುಂದೆ ಚರ್ಮ ತರ್ಬೇಡ. ಮಡಿ ಮೈಲಿಗೆ ಅಂತ ಒಂದಿದೆ."

"ಅಕ್ಕ, ನಿಮ್ಮ ಮಗನ ಮುಂಜೀಲಿ ಜನಿವಾರಕ್ಕೆ ಕಟ್ಟಿದ್ರಲ್ಲ ಕೃಷ್ಣಾಜಿನ, ಅದೇನು ಪ್ಲಾಸ್ಟಿಕ್ಕಾ?"

ಅದು ಶಾಸ್ತ್ರ ಎಂದರು. ಜಿಂಕೆಗೆ ಶಾಸ್ತ್ರ ಗೊತ್ತಿತ್ತಾ ಎಂದೆ. ಮಡಿಗೆ ಉಡುವ ರೇಷ್ಮೆಗೆ ಹುಳವನ್ನು ಗೂಡಿನ ಸಮೇತ ಬೇಯಿಸುತ್ತಾರೆ, ಅದನ್ನು ಉಟ್ಟು ಆರತಿ ಎತ್ತಬಹುದು, ಇದು ಮಾತ್ರ ಯಾಕಾಗದು ಎಂದೂ ಕೇಳಿದೆ. ಅಕ್ಕ ತಣ್ಣಗೆ, ಕೋಟು ಬರುವುದಾದರೆ ಆರತಿ ಇನ್ನೊಬ್ಬರು ಎತ್ತುತ್ತಾರೆ ಎಂದು ಫೋನಿಟ್ಟರು. ಎತ್ತಲಿ ಬಿಡು ಎಂದುಕೊಂಡೆ. ಅವತ್ತೇ ಅಮ್ಮನ ಹಳೆ ಸೀರೆಯ ಹರಿದ ಅಂಚಿನಿಂದ ಜರಿ ಬಿಡಿಸಿ, ಸೂಜಿಗೆ ಪೋಣಿಸಿ, ಕೋಟಿನ ಖಾಲಿ ಜಾಗದಲ್ಲಿ ಹೆಸರು ಹಾಕಲು ಕೂತೆ.

ಸಂಕ್ರಾಂತಿಗೆ ವಾರ್ಡಿನ ಸಭಾಂಗಣ ಬಾಡಿಗೆಗೆ ಹಿಡಿದಿದ್ದರು. ಕೆಗಾವಾ-ಸಾನ್‌ಳನ್ನೂ ಕರೆದುಕೊಂಡು ಹೋದೆ. ಮಾರನೆಯ ವಾರ ಅವಳು ನಗೋಯಾಕ್ಕೆ ಹೊರಡುವವಳಿದ್ದಳು. ಕೋಟು ತೊಟ್ಟು, ಎದೆಯೆತ್ತಿ, ಯಾರು ಏನೆಂದರೂ ಬಿಡುವುದಿಲ್ಲವೆಂದು ಹಲ್ಲು ಕಚ್ಚಿಕೊಂಡು ಬಾಗಿಲಿಗೆ ಬಂದರೆ ಪಕ್ಕದಿಂದ ತೋಳು ಜಗ್ಗಿದವಳು ಇವಳೇ. ಕೋಟು ಬಿಚ್ಚಿ ಎಂದಳು. ಇಲ್ಲಿನವರ ರೀತಿಯಂತೆ ಹೊರಗಿನ ಧೂಳನ್ನು ಒಳಗೆ ತರಬಾರದು, ಹೊಸ್ತಿಲಿಗೆ ಮುಂಚೆ ಕೋಟು ಬಿಚ್ಚಿ, ಒಳಮೈ ಹೊರಗೆ ಮಾಡಿ ಮಡಚಿ ತೋಳಿನ ಮೇಲೆ ಹಾಕಿಕೊಳ್ಳಬೇಕು. ಅಯ್ಯೋ ದೇವರೇ, ಇವಳದೂ ಮಡಿಯೇ! ಬಿಚ್ಚಿದರೆ ಸೋತ ಹಾಗಾಗುತ್ತದೆ ಎಂದು ಪಿಸುಗುಟ್ಟಿದೆ. ನಾನು ಹೊಲಿದ ಕೋಟನ್ನು ನಯನಾಜೂಕಿಲ್ಲದವರ ಹಾಗೆ ತೊಡಬೇಡಿ ಎಂದು ಗದರಿದಳು.

ಬಿಚ್ಚಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದರು. ಮಾತು ಕೇಳಿದೆನೆಂದು ಅವರ ಮುಖ ಅರಳಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಕೋಟನ್ನು ಒಳಮೈ ಮೇಲಾಗುವಂತೆ ಮಡಚಿ ತೋಳಿನ ಮೇಲೆ ಹಾಕಿಕೊಂಡೆ. ಹಾಗೆ ಹಾಕಿಕೊಂಡಿದ್ದರಿಂದಲೇ ಲೈನಿಂಗಿನ ಮೇಲಿನ ಜರಿಯ ಅಕ್ಷರ ಅಕ್ಕನ ಕಣ್ಣಿಗೆ ಬಿತ್ತು. ಜಪಾನಿನ ಕೋಟಿನೊಳಗೆ ಕನ್ನಡ! ಅವರು ಬಗ್ಗಿ, ಒಂದೊಂದೇ ಅಕ್ಷರ ಓದಿದರು.

"ಕೆ... ಗಾ... ವಾ."

"ಹೈ" ಎಂದಳು ನನ್ನ ಪಕ್ಕದಲ್ಲಿದ್ದವಳು, ಅಕ್ಕನಿಗೆ ತಲೆಬಾಗಿ. ತನ್ನನ್ನೇ ಕರೆದರು ಎಂದುಕೊಂಡಿದ್ದಳು.

ಅಕ್ಕ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಇವರೇ ಅವರು, ಇದನ್ನು ಕತ್ತರಿಸಿ ಹೊಲಿದವರು ಎಂದೆ. ಕೆಗಾವಾ-ಸಾನ್ ನನ್ನ ತೋಳಿನತ್ತ ತಿರುಗಿದಳು. ದುಂಡು ದುಂಡಾದ ಆ ಅಕ್ಷರ ಅವಳಿಗೆ ಓದಲು ಬರುವುದಿಲ್ಲ. ಜರಿಯ ಮೇಲೆ ಬೆರಳಾಡಿಸಿದಳು. ಇದು ನಿಮ್ಮ ಹೆಸರಲ್ಲವೇ ಎಂದು ಕೇಳಿದಳು. ನಾನು ಅಲ್ಲ ಎಂದೆ, ನಿಮ್ಮದು ಎಂದೆ. ಅವಳ ಕಣ್ಣು ಒದ್ದೆಯಾಗಲಿಲ್ಲ, ಅವಳು ಆ ಜಾತಿಯವಳಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತಳು. ನನ್ನ ತೋಳಿನಿಂದ ಕೋಟನ್ನು ತೆಗೆದುಕೊಂಡು, ಒದರಿ, ನನ್ನ ಹೆಗಲ ಮೇಲೆ ಎತ್ತಿ ಹಿಡಿದಳು.

"ಹಾಕಿಕೊಳ್ಳಿ" ಎಂದಳು.

"ಒಳಗಾ?"

"ಒಳಗೇ."

ಜೀವಮಾನವಿಡೀ ಪಾಲಿಸಿದ ರೀತಿಯನ್ನು ಆ ಹೊಸ್ತಿಲಲ್ಲಿ ಅವಳೇ ಮುರಿದಳು. ನಾನು ಕೋಟು ತೊಟ್ಟೇ ಒಳಗೆ ಹೋದೆ. ಹೀಟರ್ ಜೋರಾಗಿತ್ತು. ಸೀರೆಯೊಳಗೆ ಬೆವರು ಧಾರಾಕಾರ. ಕಬ್ಬು, ಬಾಳೆಹಣ್ಣು, ಸಕ್ಕರೆ ಅಚ್ಚಿನ ಮುಂದೆ ಆರತಿಯನ್ನು ಇನ್ನೊಬ್ಬರು ಎತ್ತಿದರು, ನಾನು ಗೋಡೆಗೆ ಒರಗಿ ಕೂತು ನೋಡಿದೆ. ಎಳ್ಳುಬೆಲ್ಲದ ಪೊಟ್ಟಣವನ್ನು ಅಕ್ಕ ಕೆಗಾವಾ-ಸಾನ್‌ಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ನನಗೆ ಒಂದೇ ಕೈಯಲ್ಲಿ. ಕೊಡುವಾಗ ಹೇಳಬೇಕಾದ ಒಳ್ಳೆಯ ಮಾತನ್ನು ಅವಳಿಗೆ ಹೇಳಿದರು, ನನಗೆ ಹೇಳಲಿಲ್ಲ. ಆರತಿಗೆ ನನ್ನನ್ನು ಮತ್ತೆ ಕರೆದಿಲ್ಲ. ನಾನೂ ಕೇಳಿಲ್ಲ.

ಈಗ ಕೆಳಗಿನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನಗೋಯಾದಿಂದ ಆಗಾಗ ಫೋನ್ ಬರುತ್ತದೆ. ಕಾಲು ನೋವಿನ ಮಾತಿಲ್ಲ, ಮಗನ ಮನೆಯ ಸುದ್ದಿಯಿಲ್ಲ. ಕೋಟು ಹೊರಗೆ ಹಾಕಿದಿರಾ ಎಂಬುದೊಂದೇ ಪ್ರಶ್ನೆ. ಹಾಕಿದೆ ಎಂದರೆ, ಎಲ್ಲಿಗೆ, ಯಾರು ನೋಡಿದರು ಎಂದು ಕೆದಕಿ ಕೆದಕಿ ಕೇಳುತ್ತಾಳೆ.

ಚಳಿ ಶುರುವಾದ ಮೇಲೆ ಕಸ ಹಾಕುವುದಕ್ಕೂ ಅದನ್ನೇ ತೊಟ್ಟು ಇಳಿಯುತ್ತೇನೆ, ತುಟಿಗೆ ಸ್ವಲ್ಪ ಕೆಂಪು ಹಚ್ಚಿಕೊಂಡು. ಹೊಸದಾಗಿ ಬಂದ ಹೆಂಗಸರು ಬಾಟಲಿಗಳ ಬುಟ್ಟಿಯ ಹತ್ತಿರ ನಿಂತು ಒಬ್ಬರಿಗೊಬ್ಬರು ಕಣ್ಣು ತೋರಿಸುತ್ತಾರೆ. ನಾನು ಅತ್ತ ಹೋದೆನೆಂದುಕೊಂಡು, "ಕೆಗಾವಾ..." ಎಂದು ಪಿಸುಗುಡುತ್ತಾರೆ.

ನಾನು ತಿರುಗಿ ನಿಂತು, ಅವರಿಗೆಲ್ಲ ಕೇಳುವ ಹಾಗೆ, "ಹೈ" ಎನ್ನುತ್ತೇನೆ.