ಒಳಕೋಣೆಗೂ ಹಾಡು

ಚಿಂತಾಮಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಹಾಡಿನ ಹುಚ್ಚು. ಭಾನುವಾರ ಅವರು ಹಾಲ್‌ನಲ್ಲಿ ಸಿ.ಡಿ. ಹಾಕಿದರೆ ಬೀದಿಯವರೆಲ್ಲ ಹೋಗಿ ಕೂರುತ್ತಿದ್ದೆವು. ಯಾರು ಏನು ಹೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ನೋಡಣ ಇರಪ್ಪ" ಎನ್ನುವರು.

ಅವರ ಹೆಂಡತಿ ಸೊಂಟದ ಮೂಳೆ ಮುರಿದು ಒಳಕೋಣೆಯಲ್ಲಿ ಮಲಗಿದ್ದರು. ಅಲ್ಲಿಗೆ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ. ಮೇಷ್ಟ್ರು ಇನ್ನೆರಡು ಸ್ಪೀಕರ್ ಕೊಳ್ಳಲು ಹೋದರು.

"ನಿಮ್ಮದು ಎಂಟು ಓಮ್ ಆಂಪ್ಲಿಫೈಯರ್ ಸಾರ್. ಒಂದೊಂದು ಕಡೆಗೆ ಎರಡೆರಡು ಸ್ಪೀಕರ್ ಕೊಟ್ರೆ ನಾಲ್ಕು ಓಮ್‌ಗೆ ಇಳಿಯುತ್ತೆ. ಲೋಡ್ ಜಾಸ್ತಿಯಾಗಿ ಕಾದು ಸುಟ್ಟೋಗುತ್ತೆ," ಎಂದ ಅಂಗಡಿಯವನು.

"ನೋಡಣ ಇರಪ್ಪ."

ಆ ಭಾನುವಾರ ನಾಲ್ಕೂ ಸ್ಪೀಕರ್ ಜೋಡಿಸಿ ಹಾಕಿದ ಹಾಡಿನ ಮಧ್ಯದಲ್ಲೇ ಆಂಪ್ಲಿಫೈಯರ್‌ನಿಂದ ಹೊಗೆ ಎದ್ದಿತು.

"ಏನ್ರೀ ಸೀದಿದ್ದು?" ಒಳಗಿನಿಂದ ಹೆಂಡತಿ ಕೂಗಿದರು.

"ಏನಿಲ್ಲ ಕಣೇ," ಎಂದು ಮೇಷ್ಟ್ರು ಪ್ಲಗ್ ಕಿತ್ತರು.

ರಿಪೇರಿಯಾಗಿ ಬಂದ ಮೇಲೆ ಅದಕ್ಕೆ ಎರಡೇ ಸ್ಪೀಕರ್ ಎಂದಾಯಿತು. ನಾವು ಎಂದಿನಂತೆ ಹೋದರೆ ಹಾಲ್ ಖಾಲಿ. ಆಂಪ್ಲಿಫೈಯರ್, ಸ್ಪೀಕರ್ ಎಲ್ಲವೂ ಒಳಕೋಣೆ ಸೇರಿತ್ತು.

"ಹಾಡು ಕೇಳೋರು ಒಳಗೆ ಬನ್ನಿ," ಎಂದರು ಮೇಷ್ಟ್ರು.

ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಆ ಬಾಗಿಲು ದಾಟಿರಲಿಲ್ಲ. ಆಕೆ ಕೂದಲು ಸರಿಮಾಡಿಕೊಂಡು, "ಮಂಚದ ಮೇಲೇ ಕೂತ್ಕೊಳ್ರಮ್ಮ, ಜಾಗ ಇದೆ," ಎಂದು ಕಾಲು ಸರಿಸಲು ನೋಡಿದರು.