ಮುನಿಯಪ್ಪ ವಿಜ್ಞಾನ ಭವನದ ಹಳದಿ ಕಲ್ಲು

ಅರವತ್ತರ ದಶಕದ ಮಾತು. ನಾನಾಗ ಬಂಗಾರಪೇಟೆಯ ಕಾಲೇಜಿನಲ್ಲಿ ಭೂವಿಜ್ಞಾನದ ಡೆಮಾನ್‌ಸ್ಟ್ರೇಟರ್, ಎಂದರೆ ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವವನು. ಕಲ್ಲು ಕಂಡರೆ ಅದರ ಜಾತಕ ಹೇಳುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದ್ದರೂ ನಾನು ಒಪ್ಪಿಕೊಂಡಿಲ್ಲ. ಬುರುಡೆ ಬಿಡುವುದರಲ್ಲೂ ಹಾಗೇ ಎಂದು ಊರಿನವರು ಹೇಳುತ್ತಿದ್ದರು.

ವಿಶ್ವವಿದ್ಯಾಲಯ ನಮಗೊಂದು ವಿಜ್ಞಾನ ಕಟ್ಟಡ ಕಟ್ಟಿಸಿಕೊಟ್ಟಿತು. ಜಾಗ ಕೊಟ್ಟವರು ಊರಿನ ಪಿಳ್ಳಪ್ಪಣ್ಣ. ಅವರದು ಒಂದೇ ಷರತ್ತು: ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ದುಡಿದು ತೀರಿಕೊಂಡ ತಮ್ಮ ತಂದೆ ಮುನಿಯಪ್ಪನ ಹೆಸರಿಡಬೇಕು. ಉದ್ಘಾಟನೆಗೆ ಮುಂಚೆ ಅವರು ಹಳದಿ ಮಿಂಚುವ ಕಲ್ಲೊಂದನ್ನು ತಂದು ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಇಡಿಸಿದರು.

"ನಮ್ಮಪ್ಪ ಗಣಿಯಿಂದ ತಂದಿದ್ದು. ಅಸಲಿ ಬಂಗಾರ," ಎಂದು ಬಂದವರಿಗೆಲ್ಲ ತೋರಿಸಿದರು.

ಗಣಿಯ ಚಿನ್ನದ ಕಲ್ಲು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಪಾಳಿ ಮುಗಿಸಿ ಮೇಲೆ ಬಂದವರನ್ನು ಮೈ ತಡವದೆ ಹೊರಗೆ ಬಿಡುತ್ತಿರಲಿಲ್ಲ. ಸುದ್ದಿ ಗಣಿ ಪಕ್ಕದ ರಾಬರ್ಟ್‌ಸನ್‌ಪೇಟೆಯ ಪೊಲೀಸ್ ಠಾಣೆ ಮುಟ್ಟಿ, ಇನ್‌ಸ್ಪೆಕ್ಟರ್ ಬಂದೇಬಿಟ್ಟರು. ಪ್ರಿನ್ಸಿಪಾಲರು ಬೆವತರು. ಕಳ್ಳಮಾಲು ಎಂದಾದರೆ ಆ ಹೆಸರು ಇಡುವಂತಿಲ್ಲ. ನನಗೆ ಮಾತ್ರ ಅನುಮಾನವಿದ್ದದ್ದು ಕಲ್ಲಿನ ಮೇಲೆಯೇ.

ಒರಟು ಪಿಂಗಾಣಿ ಬಿಲ್ಲೆಯ ಮೇಲೆ ಅದನ್ನು ಉಜ್ಜಿದೆ. ಇದು ಸ್ಟ್ರೀಕ್ ಪರೀಕ್ಷೆ: ಚಿನ್ನವಾದರೆ ಹಳದಿ ಗೆರೆ, ಕಬ್ಬಿಣ-ಗಂಧಕ ಕೂಡಿದ ಪೈರೈಟ್ ಆದರೆ ಕಪ್ಪು. ಬಿದ್ದದ್ದು ಕಪ್ಪು.

"ಬಂಗಾರ ಅಲ್ಲ ಸಾರ್, ಪೈರೈಟ್. ಇದನ್ನ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ," ಎಂದೆ.

ಇನ್‌ಸ್ಪೆಕ್ಟರ್ ನನ್ನ ಮುಖವನ್ನೇ ದಿಟ್ಟಿಸಿದರು. ಬಿಲ್ಲೆ ಕಸಿದುಕೊಂಡು ತಾವೇ ಉಜ್ಜಿ ನೋಡಿದರು. ಆಮೇಲೆ ಟೋಪಿ ಇಟ್ಟುಕೊಂಡು ಹೊರಟರು. ಹೆಸರು ಉಳಿಯಿತು.

ಪಿಳ್ಳಪ್ಪಣ್ಣನ ಮುಖ ಮಾತ್ರ ಸುಟ್ಟುಹೋಗಿತ್ತು. "ನಮ್ಮಪ್ಪನ್ನ ಕಳ್ಳ ಅಂದಿದ್ರೂ ತಡ್ಕೊತಿದ್ದೆ ಕಣ್ಲಾ. ಬಂಗಾರದಾಗೇ ಬದುಕಿದೋನು ಕೆಲ್ಸಕ್ಕೆ ಬಾರದ ಕಲ್ಲು ತಂದ ಅಂದ್ಬುಟ್ಯಲ್ಲ."

ಉದ್ಘಾಟನೆಯಾದ ಮರುದಿನ ಪ್ರಯೋಗಶಾಲೆಗೆ ಬಂದು ಬಾಗಿಲು ಮುಂದೆಳೆದರು.

"ಈಗ ನಿಜ ಯೋಳು. ಆ ಬಿಲ್ಲೆಗೆ ಏನೋ ಔಸ್ದಿ ಸವರಿದ್ದೆ ತಾನೆ?"

"ದೇವರಾಣೆ ಇಲ್ಲಣ್ಣ. ಪೈರೈಟೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೆಲ್ಲಗೆ ನಕ್ಕರು. "ಊರಿಗೆಲ್ಲ ಟೋಪಿ ಆಕೋನು ಇನ್‌ಸ್ಪೆಕ್ಟರನ್ನ ಬಿಡ್ತೀಯೇನ್ಲಾ? ಆಗ್ಲಿ ಬಿಡು, ನಾನ್ಯಾರ್ಗೂ ಯೋಳಾಕಿಲ್ಲ."

ಅಂದಿನಿಂದ ಯಾವ ಕಲ್ಲನ್ನೂ ನಾನೇ ಉಜ್ಜಿ ಉತ್ತರ ಹೇಳಲಿಲ್ಲ. ನನ್ನಂಥವನ ಬಾಯಿಂದ ಬಂದರೆ ನಿಜವೂ ನಂಬಿಕೆ ಕಳೆದುಕೊಳ್ಳುತ್ತದೆ. ಹಾಗಾಗಿ ಕಲ್ಲು ತಂದು ಕೇಳಿದವರ ಕೈಗೇ ಬಿಲ್ಲೆ ಕೊಡುತ್ತಿದ್ದೆ. ಪಿಳ್ಳಪ್ಪಣ್ಣ ಒಬ್ಬರಿಗೆ ಮಾತ್ರ ಕೊಡಲಿಲ್ಲ.