ಧಾರೆಯ ಹಾಲು, ತಪ್ಪಿದ ಬಸ್ಸು

ಮೊನ್ನೆ ಮೊಮ್ಮಗಳ ಮದುವೆಗೆ ದಿನ ನೋಡುತ್ತಾ ಕೂತಿದ್ದೆವು. ಮಗ ಪಂಚಾಂಗ ಮುಚ್ಚಿಟ್ಟು, “ಮೊದ್ಲು ಎಂ.ಎಲ್.ಎ. ಸಾರ್ ಫ್ರೀ ಇದಾರಾ ಕೇಳೋಣ, ಆಮೇಲೆ ಮುಹೂರ್ತ” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಮಾಡಿಕೊಳ್ಳಬೇಡಿ ಅಂತಾರೆ ಡಾಕ್ಟರು. ಅವರಿಗೇನು, ನನ್ನ ದೊಡ್ಡಪ್ಪನನ್ನು ಕಂಡವರೇ!

ಕೆಂಗೇರಿ ಪಕ್ಕದ ನಮ್ಮೂರಿನ ಕಡೆಗೆ ಮಹಾರಾಜರ ಕಾಲದಲ್ಲೂ ದೊಡ್ಡಪ್ಪನೇ ಪ್ರತಿನಿಧಿ, ಐವತ್ತರ ದಶಕದಲ್ಲೂ ಅವರೇ ಶಾಸಕರು. ಬಿಡಿಗಾಸು ಮುಟ್ಟಿದವರಲ್ಲ, ನಿಜ. ಆದರೆ ಯಾರು ಮದುವೆಗೆ ಕರೆದರೂ ಇಲ್ಲ ಅಂದವರೂ ಅಲ್ಲ. ಧಾರೆಯಲ್ಲಿ ಗಂಡುಹೆಣ್ಣಿನ ಕೈಮೇಲೆ ಅವರು ಹಾಲು ಬಿಟ್ಟರೇನೇ ಮದುವೆ ಅಂತ ಜನಕ್ಕೂ ಒಂದು ಹುಚ್ಚು.

ನಾನಾಗ ಮಿಡ್ಲ್ ಸ್ಕೂಲು ಪಾಸಾಗಿದ್ದೆ. ಹೈಸ್ಕೂಲಿಗೆ ಬೆಂಗಳೂರಿಗೇ ಹೋಗಬೇಕು. ರೈಲಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದದು. “ಬೆಳಗ್ಗೆ ಬಸ್ ಬಂದ್ರೆ ಓದು, ಇಲ್ದಿದ್ರೆ ಮನೇಲಿರು” ಎಂದುಬಿಟ್ಟರು ಅಪ್ಪ. ದೊಡ್ಡಪ್ಪನ ಹತ್ತಿರ ಓಡಿದೆ.

“ವಿಧಾನಸಭೇಲಿ ಬಸ್ಸಿನ ಪ್ರಶ್ನೆ ಹಾಕಿದೀನಿ ಕಣವ್ವ. ಗುರುವಾರ ಎದ್ದು ಕೇಳೋದೊಂದೇ ಬಾಕಿ” ಅಂದರು.

ಗುರುವಾರ ಕೋಟು ಹಾಕಿ ಪೇಟ ಸುತ್ತಿಕೊಂಡು ಹೊರಟಿದ್ದರು. ನಾಯಂಡಹಳ್ಳಿಯ ರೈತನೊಬ್ಬ ಬಾಗಿಲಲ್ಲಿ ಹಾಜರ್.

“ಇವತ್ತು ಮಗಳ ಧಾರೆ ಗೌಡ್ರೆ. ನೀವ್ ಬರ್ದಿದ್ರೆ ಬೀಗ್ರ ಮುಂದೆ ನನ್ನ ಮಾನ ಉಳಿಯತ್ತಾ?”

ದೊಡ್ಡಮ್ಮ ಒಳಗಿನಿಂದಲೇ ಗದರಿದರು: “ಆ ಮಗೀನ ಬಸ್ಸಿನ ವಿಷ್ಯ ಇವತ್ತೇ ಅಲ್ವಾ?”

“ದಾರೀಲೇ ಅಲ್ವೇನೇ ನಾಯಂಡಹಳ್ಳಿ? ಹಾಲು ಬಿಟ್ಟು ಹೋಗ್ಬಿಡ್ತೀನಿ.”

ಹಾಲು ಬಿಟ್ಟರು. ಆಮೇಲೆ ಊಟಕ್ಕೆ ಕೂರಿಸಿದರು. ಎಲೆ ಮುಂದಿನಿಂದ ಅರ್ಧಕ್ಕೆ ಏಳೋದುಂಟೇ, ನೀವೇ ಹೇಳಿ. ಅಲ್ಲಿ ಸಭೆಯಲ್ಲಿ ಇವರ ಹೆಸರು ಕೂಗಿದರಂತೆ. ಆಳಿಲ್ಲ, ಪ್ರಶ್ನೆ ಬಿದ್ದುಹೋಯಿತು. ಸಂಜೆ ಬಂದು, “ಮುಂದಿನ ಸಲ ನೋಡೋಣ ಕಣವ್ವ” ಅಂತ ನನ್ನ ಕೈಗೆ ಮದುವೆಮನೆಯ ಚಿರೋಟಿ ಇಟ್ಟರು. ಅಳುತ್ತಲೇ ತಿಂದೆ, ಚಿರೋಟಿ ಮಾತ್ರ ಬಲು ಚೆನ್ನಾಗಿತ್ತು, ಅದೂ ಒಂದು ಸಂಕಟ.

ಮುಂದಿನ ಸಲ ಸಭೆ ಸೇರುವಷ್ಟರಲ್ಲಿ ಅಪ್ಪ ಗಂಡು ನೋಡಿಬಿಟ್ಟಿದ್ದರು. ನನ್ನ ಧಾರೆಗೆ ಎಲ್ಲರಿಗಿಂತ ಮೊದಲು ಬಂದವರು ದೊಡ್ಡಪ್ಪ. ಹಾಲು ಬಿಡುವಾಗ ಅವರ ಕಣ್ಣಲ್ಲಿ ನೀರು. ಆ ದಿನವೂ ಸಭೆ ನಡೀತಿತ್ತು. ಮುಂದಿನ ಚುನಾವಣೆಯಲ್ಲಿ, “ನಮ್ಮನೆ ಮದ್ವೆಗೆ ಬಂದಿದ್ರಪ್ಪ” ಅಂತ ಜನ ಮತ್ತೆ ಅವರನ್ನೇ ಗೆಲ್ಲಿಸಿದರು.

“ಏನಂತೀಯವ್ವ?” ಅಂತ ಮಗ ಮತ್ತೆ ಕೇಳಿದ. ಚೆನ್ನಾಗಿ ಉಗಿಯೋಣ ಅಂತಲೇ ಬಾಯಿ ತೆರೆದೆ. ಯಾಕೋ ಆಗಲಿಲ್ಲ.

“ಕರಿ, ಬೇಡ ಅನ್ನಲ್ಲ. ಸಭೆ ಇಲ್ಲದ ದಿನ ನೋಡಿ ಮುಹೂರ್ತ ಇಡ್ಸು. ಎಲ್ಲಿ ಯಾವ ಹುಡುಗಿ ಬಸ್ಸಿಗೆ ಕಾಯ್ತಾ ನಿಂತಿದಾಳೋ.”